ಯೂರೋಪಿನ ‘ಕಸ್ಟಮೈಸ್ಡ್ ಪ್ಯಾಕೇಜ್’: ಪುಣೆಯ ಕನ್ನಡಿಗರೇ, ಮುಂಗಡ ಕಟ್ಟುವ ಮುನ್ನ ಇದನ್ನು ಓದಿ

ಬೇಸಿಗೆ ರಜೆ ಹತ್ತಿರ ಬಂದಂತೆ ಪುಣೆ, ಪಿಂಪ್ರಿ-ಚಿಂಚ್‌ವಡದ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಯೂರೋಪ್ ಟೂರಿನ ಪೋಸ್ಟರ್‌ಗಳು ಓಡಾಡತೊಡಗುತ್ತವೆ. ಹೊಸದಾಗಿ ಮದುವೆಯಾದವರು, ಅದರಲ್ಲೂ ಗಂಡನಿಗೊಂದು ಹೆಂಡತಿಗೊಂದು ಅಭಿರುಚಿ ಇರುವವರು, ‘ನಿಮ್ಮಿಬ್ಬರಿಗೂ ಒಗ್ಗೋ ಹಾಗೆ ಕಸ್ಟಮೈಸ್ ಮಾಡಿ ಕೊಡ್ತೀವಿ’ ಎಂಬ ಮಾತು ನಂಬಿ ದುಡ್ಡು ಕಟ್ಟಬೇಡಿ. ಆ ಮಾತಿಗೆ ನಮ್ಮ ಒಂದೂವರೆ ಲಕ್ಷ ರೂಪಾಯಿ ಸಿಕ್ಕಿಬಿದ್ದಿದೆ, ಆ ವರ್ಷದ ರಜೆಯೂ ಹಾಳಾಯಿತು. ದೂರು ವಿಚಾರಣೆಯಲ್ಲಿರುವುದರಿಂದ ಏಜೆಂಟರ ಹೆಸರು ಬರೆಯುತ್ತಿಲ್ಲ.

ನನಗೆ ಚಿತ್ರಕಲೆ ಅಂದರೆ ಪ್ರಾಣ. ಫ್ಲಾರೆನ್ಸಿನ ಉಫಿಜಿ ಗ್ಯಾಲರಿ, ಪ್ಯಾರಿಸ್ಸಿನ ಲೂವ್ರ್, ಇವೆರಡನ್ನು ಕಣ್ತುಂಬ ನೋಡಬೇಕು ಎನ್ನುವುದು ಕಾಲೇಜು ದಿನಗಳಿಂದ ಇದ್ದ ಆಸೆ. ನನ್ನ ಗಂಡ ಬೆಟ್ಟ ಹತ್ತುವವರು. ಭಾನುವಾರ ಬಂದರೆ ಸಿಂಹಗಡ, ಎರಡು ದಿನ ಬಿಡುವು ಸಿಕ್ಕರೆ ರಾಜಗಡ, ತೋರಣಾ. ಅವರಿಗೆ ಬೇಕಿದ್ದದ್ದು ಆಲ್ಪ್ಸ್‌ನಲ್ಲಿ ಕಾಲ್ನಡಿಗೆ, ಮುಖ್ಯವಾಗಿ ಐಗರ್ ಪರ್ವತದ ಬುಡದಲ್ಲಿ ಹಾದುಹೋಗುವ ಐಗರ್ ಟ್ರೇಲ್. ಏಜೆಂಟರಿಗೆ ಮೊದಲ ದಿನವೇ ಇದನ್ನೆಲ್ಲ ಬಿಡಿಸಿ ಹೇಳಿದ್ದೆವು. ಅವರು ಸೊಲ್ಲಾಪುರದ ಕಡೆಯವರು, ಮನೆಮಾತು ಕನ್ನಡ. ‘ನೀವು ನಮ್ಮ ಮಂದಿ, ನಿಮಗ ನಾ ಮೋಸ ಮಾಡ್ತೀನೇನ್ರಿ ಅಕ್ಕಾರ’ ಅಂದರು. ಊರು ಬಿಟ್ಟು ಬಂದವರಿಗೆ ಆ ಮಾತು ಎಷ್ಟು ಬೇಗ ತಾಗುತ್ತದೆ ಎಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಈ ಬರಹ ಕನ್ನಡದಲ್ಲೇ ಇರಲಿ ಎಂದು ನಾನು ಹಟ ಹಿಡಿದದ್ದೂ ಅದಕ್ಕೇ.

ಮುಂಗಡ ಹೋದ ಮೇಲೆ ಪ್ರವಾಸದ ದಿನಪಟ್ಟಿಯ ಪಿಡಿಎಫ್ ಬಂತು. ಮೇಲೆ ನಮ್ಮಿಬ್ಬರ ಹೆಸರು, ಹಿಂದೆ ಐಫೆಲ್ ಗೋಪುರದ ಚಿತ್ರ. ಒಳಗೆ ಸೋಮವಾರ ಉಫಿಜಿ, ಮುಂದಿನ ವಾರ ಮಂಗಳವಾರ ಲೂವ್ರ್. ಉಫಿಜಿಗೆ ವಾರದ ರಜೆ ಸೋಮವಾರ, ಲೂವ್ರ್‌ಗೆ ಮಂಗಳವಾರ. ಫೋನ್ ಮಾಡಿ ಕೇಳಿದರೆ ‘ಅದು ಔಟ್‌ಸೈಡ್ ವ್ಯೂ ರೀ, ಟಿಕೆಟ್ ನಮ್ಮ ಪ್ಯಾಕೇಜಿನಾಗ ಇಲ್ಲ’ ಎಂಬ ಉತ್ತರ. ನಾನು ಕೇಳಿದ್ದ ಎರಡೇ ಎರಡು ಜಾಗ ಬಾಗಿಲು ಹಾಕಿದ ದಿನವೇ ಪಟ್ಟಿಯಲ್ಲಿದ್ದವು. ಅಲ್ಲಿ ಬಸ್ಸು ನಿಲ್ಲಿಸಿ ಫೋಟೊ ತೆಗೆಸಿ ಮುಂದೆ ಹೋಗುವುದಷ್ಟೇ ಅವರ ಲೆಕ್ಕ.

ಗಂಡನ ಪಾಲಿನದು ಇನ್ನೂ ಅಪಾಯದ್ದು. ಪ್ರವಾಸ ಮೇ ತಿಂಗಳ ನಡುವೆ. ಐಗರ್ ಟ್ರೇಲ್ ಇರುವ ಎತ್ತರದಲ್ಲಿ ಆಗ ಇನ್ನೂ ಹಿಮ ಇರುತ್ತದೆ, ಅಂಥ ಹಾದಿಗಳು ಸಾಮಾನ್ಯವಾಗಿ ಜೂನ್ ಮಧ್ಯದ ನಂತರವೇ ನಡೆಯಲು ತೆರೆಯುತ್ತವೆ. ಪಿಡಿಎಫ್‌ನಲ್ಲಿ ಮಾತ್ರ ‘ಐಗರ್ ಹೈಕ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದೇ ದಿನ ಬೆಳಿಗ್ಗೆ 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್, ಸಂಜೆ ಜ್ಯೂರಿಕ್ ಎಂದೂ ಇತ್ತು. ಇಷ್ಟನ್ನೂ ಒಂದೇ ದಿನದಲ್ಲಿ ನೆಮ್ಮದಿಯಾಗಿ ಮುಗಿಸುವುದು ಕಷ್ಟ. ಸಹ್ಯಾದ್ರಿಯಲ್ಲಿ ಓಡಾಡಿದ ಅನುಭವದ ಮೇಲೆ ಯಾರಾದರೂ ಹುಮ್ಮಸ್ಸಿನಿಂದ ಆ ಹಿಮಕ್ಕೆ ಕಾಲಿಟ್ಟಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಭಯವಾಗುತ್ತದೆ.

ಕೊಟೇಶನ್ನಿನ ಸಣ್ಣ ಅಕ್ಷರಗಳಲ್ಲಿ ‘ಎಸ್‌ಐಸಿ’ ಎಂದಿತ್ತು. ಸೀಟ್ ಇನ್ ಕೋಚ್, ಅಂದರೆ ಹತ್ತಾರು ಮಂದಿಯ ಬಸ್ಸಿನಲ್ಲಿ ಎರಡು ಸೀಟು. ಇಬ್ಬರಿಗಾಗಿಯೇ ಮಾಡಿದ ಪ್ರವಾಸ ಎಂದು ಹೆಚ್ಚಿನ ದುಡ್ಡು ಪಡೆದು, ಮಾಮೂಲಿ ಗ್ರೂಪ್ ಟೂರಿಗೇ ನಮ್ಮ ಹೆಸರು ಅಂಟಿಸಿದ್ದರು. ಕೊಟೇಶನ್ ಕೈಗೆ ಬಂದಾಗ ಪ್ರತಿ ಸಾಲಿನ ಮುಂದೆಯೂ ಪ್ರೈವೇಟೋ ಎಸ್‌ಐಸಿಯೋ, ಪ್ರವೇಶ ಟಿಕೆಟ್ ಸೇರಿದೆಯೋ ಬರೀ ಹೊರಗಿನ ನೋಟವೋ ಎಂದು ಬರೆಸಿಕೊಳ್ಳಿ. ಹೋಟೆಲಿನ ಹೆಸರಿನ ಪಕ್ಕ ‘ಅಥವಾ ಸಮಾನವಾದದ್ದು’ ಎಂದಿದ್ದರೆ ಯಾವ ಏರಿಯಾ ಎಂದು ಕೇಳಿ. ಊರ ಹೊರಗಿನ ಹೋಟೆಲಾದರೆ ಸಂಜೆ ನೀವೇ ಸುತ್ತಾಡುವ ಆಸೆ ಅಲ್ಲಿಗೇ ಮುಗಿಯುತ್ತದೆ.

ನನಗೆ ನಿಜವಾಗಿ ಎದೆ ನಡುಗಿದ್ದು ವೀಸಾ ಫೈಲ್ ನೋಡಿದಾಗ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾದ ನಿಯಮ ಸರಳ: ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ, ದಿನಗಳು ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ನಾವು ಹೆಚ್ಚು ದಿನ ಇರಬೇಕಿದ್ದದ್ದು ಇಟಲಿಯಲ್ಲಿ. ಸಹಿಗೆಂದು ಮುಂದಿಟ್ಟ ಕವರಿಂಗ್ ಲೆಟರ್‌ನಲ್ಲಿ ನಾವು ಹೋಗುವ ಮಾತೇ ಇರದ ಇನ್ನೊಂದು ದೇಶ, ಅಲ್ಲಿಯೇ ಅತಿ ಹೆಚ್ಚು ರಾತ್ರಿಗಳು, ಅದಕ್ಕೆ ತಕ್ಕ ಹೋಟೆಲ್ ಬುಕಿಂಗ್ ಕಾಗದಗಳು. ‘ಅಲ್ಲಿ ಅಪಾಯಿಂಟ್‌ಮೆಂಟ್ ಲಗೂ ಸಿಗ್ತದ್ರಿ. ಎಲ್ಲಾರೂ ಹಿಂಗ ಮಾಡ್ತಾರ. ಸಹಿ ಹಾಕಿ ಕೊಡ್ರಿ, ಮುಂದಿಂದು ನಾ ನೋಡ್ಕೋತೀನಿ’ ಅಂದರು.

ಅರ್ಜಿಯ ಕೊನೆಯಲ್ಲಿ ಇರುವುದು ನಮ್ಮ ಸಹಿ, ಏಜೆಂಟರದ್ದಲ್ಲ. ಕೊಟ್ಟ ವಿವರಗಳೆಲ್ಲ ನಿಜ, ಸುಳ್ಳಾದರೆ ಅರ್ಜಿ ತಿರಸ್ಕಾರವಾಗಬಹುದು, ಕೊಟ್ಟ ವೀಸಾ ಕೂಡ ರದ್ದಾಗಬಹುದು ಎಂಬ ಹೇಳಿಕೆಯ ಕೆಳಗೆ ಆ ಸಹಿ ಬೀಳುತ್ತದೆ. ತಿರಸ್ಕಾರವಾದರೆ ಅದು ಷೆಂಗೆನ್ ದೇಶಗಳೆಲ್ಲ ನೋಡುವ ವೀಸಾ ದಾಖಲೆಯಲ್ಲಿ ಐದು ವರ್ಷದವರೆಗೆ ಉಳಿಯುತ್ತದೆ. ಕಂಪನಿ ಕೆಲಸಕ್ಕೆ ಜರ್ಮನಿಗೋ ನೆದರ್‌ಲ್ಯಾಂಡ್ಸ್‌ಗೋ ಹೋಗಬೇಕಾದ ಹಿಂಜೇವಾಡಿಯ ಹುಡುಗ ಹುಡುಗಿಯರು ಇದನ್ನು ಮರೆಯಲೇಬಾರದು. ನಾವು ಸಹಿ ಹಾಕಲಿಲ್ಲ. ಅವರ ಡ್ರಾಯರ್‌ನಲ್ಲಿದ್ದ ನಮ್ಮ ಪಾಸ್‌ಪೋರ್ಟ್‌ಗಳನ್ನು ಆಗಲೇ ವಾಪಸ್ ಪಡೆದು ಎದ್ದು ಬಂದೆವು.

ಮುಂಗಡ ವಾಪಸ್ ಕೇಳಿದಾಗ ‘ಹೋಟೆಲ್ ಎಲ್ಲಾ ನಾನ್‌-ರಿಫಂಡೆಬಲ್’ ಎಂಬ ರಾಗ ಶುರುವಾಯಿತು. ನಾನು ಬುಕಿಂಗ್ ನಂಬರ್ ಹಾಕಿ ಫ್ಲಾರೆನ್ಸಿನ ಹೋಟೆಲಿಗೆ ನೇರವಾಗಿ ಇಮೇಲ್ ಬರೆದೆ. ಮರುದಿನ ಎರಡು ಸಾಲಿನ ಉತ್ತರ: ಆ ಬುಕಿಂಗ್ ಉಚಿತ ರದ್ದತಿಯದ್ದಾಗಿತ್ತು, ಈಗಾಗಲೇ ರದ್ದಾಗಿದೆ, ಯಾವ ಹಣವೂ ಪಾವತಿಯಾಗಿಲ್ಲ. ನಮ್ಮ ಇಡೀ ದೂರಿನ ಬೆನ್ನೆಲುಬೇ ಆ ಇಮೇಲ್. ಹೋಟೆಲ್ ವೌಚರ್ ಬಂದ ಕೂಡಲೇ ನೀವೂ ಹೀಗೆ ಬರೆದು ಕೇಳಿ, ಖರ್ಚಿಲ್ಲದ ಕೆಲಸ.

ಇನ್ನೊಂದು, ಟಿಸಿಎಸ್, ಅಂದರೆ ಮಾರುವವರೇ ಗ್ರಾಹಕರಿಂದ ವಸೂಲಿ ಮಾಡುವ ಆದಾಯ ತೆರಿಗೆ. ವಿದೇಶ ಪ್ರವಾಸದ ಪ್ಯಾಕೇಜಿಗೆ ಏಜೆಂಟರು ಟಿಸಿಎಸ್ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟಬೇಕು. ಅದು ನಿಮ್ಮ ಪ್ಯಾನ್ ಮೇಲೆ ಆದಾಯ ತೆರಿಗೆ ಇಲಾಖೆಯ ತೆರಿಗೆ ಲೆಕ್ಕಪಟ್ಟಿಯಲ್ಲಿ ಕಾಣಿಸಬೇಕು, ರಿಟರ್ನ್ ಸಲ್ಲಿಸುವಾಗ ನಿಮಗೇ ಲೆಕ್ಕಕ್ಕೆ ಬರುತ್ತದೆ. ನಮ್ಮಿಂದ ಆ ಹೆಸರಿನಲ್ಲಿ ಪಡೆದ ಹಣ ತ್ರೈಮಾಸಿಕ ಕಳೆದರೂ ಅಲ್ಲಿ ಕಾಣಲಿಲ್ಲ. ಅವರು ದುಡ್ಡು ಹಾಕಿಸಿಕೊಂಡದ್ದು ವೈಯಕ್ತಿಕ ಯುಪಿಐ ಖಾತೆಗೆ. ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ, ಜಿಎಸ್‌ಟಿ ಬಿಲ್ ಎರಡೂ ಇಲ್ಲದ ಕಡೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇಬ್ಬರ ಆಸೆಯೂ ಒಂದೇ ಪ್ರವಾಸದಲ್ಲಿ ಖಂಡಿತ ಕೂಡಿಬರುತ್ತದೆ, ಕೂತು ಯೋಚಿಸುವ ತಾಳ್ಮೆ ಇರಬೇಕು ಅಷ್ಟೇ. ಈಗ ನಾವೇ ಜೂನ್ ಕೊನೆಗೆ ಹೊಂದಿಸುತ್ತಿದ್ದೇವೆ. ಮೊದಲು ಫ್ಲಾರೆನ್ಸ್, ಅಲ್ಲಿಂದ ಮಿಲಾನ್. ಮಿಲಾನಿನಿಂದ ಸ್ವಿಟ್ಜರ್ಲೆಂಡಿನ ಸ್ಪೀಟ್ಸ್‌ಗೆ ನೇರ ರೈಲಿದೆ, ಅಲ್ಲಿಂದ ಇಂಟರ್‌ಲಾಕೆನ್ ಹತ್ತಿರವೇ. ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ರೈಲಿನ ಜೊತೆಗೆ 500ಕ್ಕೂ ಹೆಚ್ಚು ಮ್ಯೂಸಿಯಂಗಳ ಪ್ರವೇಶವೂ ಸೇರಿದೆ, ಹಾಗಾಗಿ ಗಂಡ ಗ್ರಿಂಡೆಲ್‌ವಾಲ್ಡ್ ಕಡೆ ಬೆಟ್ಟ ಹತ್ತುವ ದಿನ ನಾನು ಬರ್ನ್‌ನಲ್ಲಿ ಪಾಲ್ ಕ್ಲೇ ಚಿತ್ರಗಳ ಮುಂದೆ ಇರುತ್ತೇನೆ. ರಾತ್ರಿ ಊಟಕ್ಕೆ ಒಟ್ಟಿಗೆ ಸೇರುತ್ತೇವೆ. ಗಂಡಹೆಂಡತಿ ಹಗಲೆಲ್ಲ ಜೊತೆಗೇ ಇರಬೇಕು ಎಂಬ ಊಹೆಯ ಮೇಲೆ ನಿಂತ ಪ್ಯಾಕೇಜು ಇಬ್ಬರನ್ನೂ ಅರ್ಧಂಬರ್ಧ ತೃಪ್ತಿಯಲ್ಲಿ ಬಿಡುತ್ತದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವೀಸಾ ಅರ್ಜಿಯನ್ನೂ ನಾವೇ ಹಾಕುತ್ತಿದ್ದೇವೆ. ಪ್ರವಾಸಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ, ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕು.

ಈಗಾಗಲೇ ಸಿಕ್ಕಿಬಿದ್ದವರು ಸುಮ್ಮನೆ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪುಣೆಯ ಏಜೆಂಟರಿಗೆ ದುಡ್ಡು ಕಟ್ಟಿದ ಹುಬ್ಬಳ್ಳಿಯವರು ಧಾರವಾಡ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಕೊಟೇಶನ್, ಪಿಡಿಎಫ್, ಯುಪಿಐ ಸ್ಕ್ರೀನ್‌ಶಾಟ್, ವಾಯ್ಸ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ‘ನಮ್ಮವರು’ ಎಂಬ ಮುಲಾಜಿಗೆ ಬಾಯಿ ಮುಚ್ಚಿಕೊಂಡ ಇನ್ನೂ ಕೆಲವು ಜೋಡಿಗಳು ಇಲ್ಲಿದ್ದಾರೆ ಎಂದು ಕೇಳಿದ್ದೇನೆ. ಅವರು ಮುಂದೆ ಬಂದರೆ ಆಯೋಗದ ಅನುಮತಿ ಪಡೆದು ಒಟ್ಟಾಗಿಯೇ ದೂರು ಕೊಡಲು ಅವಕಾಶವಿದೆ, ಕಾಗದಪತ್ರ ಸಿದ್ಧ ಮಾಡಲು ನಾನು ಜೊತೆಗಿರುತ್ತೇನೆ.