ಕಾಯಿಲ್ ಪ್ಲೇಟ್ ಸುಟ್ಟರೆ ಯಾವುದು ಹಾಕಿಸಬೇಕು? ನಾಲ್ಕನ್ನೂ ಹಾಕಿ ನೋಡಿದ ಲೆಕ್ಕ

2021ರ ಆಗಸ್ಟ್. ಆಫೀಸ್ ಮುಗಿಸಿ ಎಲೆಕ್ಟ್ರಾನಿಕ್ ಸಿಟಿಯಿಂದ ಹನುಮಂತನಗರಕ್ಕೆ ಬೈಕಿನಲ್ಲಿ ಬರುತ್ತಿದ್ದೆ. ಬೊಮ್ಮನಹಳ್ಳಿ ದಾಟುವ ಹೊತ್ತಿಗೆ ಹೆಡ್‌ಲೈಟ್ ಮಂಕಾಯಿತು. ಹಾರ್ನ್ ಗಂಟಲು ಕಟ್ಟಿದ ಹಾಗೆ ಕೂಗಿತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಂಜಿನ್ ನಿಂತೇ ಹೋಯಿತು. ಸೆಲ್ಫ್ ಒತ್ತಿದರೆ ರಿಲೇ ಟಕ್ ಟಕ್ ಅಂದಿತು, ಅಷ್ಟೇ. ಮಳೆಯಲ್ಲಿ ಬಿಟಿಎಂ ಲೇಔಟ್ ತನಕ ತಳ್ಳಿದೆ.

ಗಾಡಿ 2008ರದು. ಅದರ ಮೇಲೆ ನನಗೆ ತುಂಬಾ ಪ್ರೀತಿ. ಮೊದಲ ಸಂಬಳದಲ್ಲಿ ಕಂತು ಕಟ್ಟಿ ತಗೊಂಡದ್ದು. ಅದಕ್ಕೇ ಕಾಯಿಲ್ ಪ್ಲೇಟ್ ಅನ್ನುವ, ಬ್ಯಾಟರಿ ಚಾರ್ಜ್ ಆಗಲು ಕರೆಂಟ್ ಹುಟ್ಟಿಸುವ ಈ ಒಂದು ಭಾಗಕ್ಕೆ ಇಷ್ಟು ವರ್ಷ ತಲೆ ಕೊಟ್ಟೆ. ಲೋಕಲ್ ಮಾಲು, ಗುಜರಿ ಮಾಲು, ರಿವೈಂಡಿಂಗ್ (ಸುಟ್ಟ ಪ್ಲೇಟಿಗೇ ಹೊಸ ತಂತಿ ಸುತ್ತಿಸುವುದು) ಮೂರನ್ನೂ ನನ್ನ ಗಾಡಿಗೇ ಹಾಕಿ ಓಡಿಸಿದೆ. ಕಂಪನಿ ಸ್ಪೇರ್ ಭಾವನ ಗಾಡಿಗೆ ಹೋಯಿತು. ಅವರದೂ ಅದೇ ಮಾಡೆಲ್, ಒಂದು ವರ್ಷ ಚಿಕ್ಕದು. ಹಾಗಾಗಿ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಅಳೆಯಲು ಆಯಿತು.

ಮೊದಲು ಆದದ್ದು ಸುಮ್ನೆ ಖರ್ಚು. ಗ್ಯಾರೇಜಿನಲ್ಲಿ ಬ್ಯಾಟರಿ ಹೋಗಿದೆ ಅಂದರು. 1,700 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ನಾಲ್ಕೇ ದಿನಕ್ಕೆ ಅದೂ ಮಲಗಿತು. ಆಗ ಎಸ್‌.ಪಿ. ರೋಡಿಗೆ ಹೋಗಿ 350 ರೂಪಾಯಿಗೆ ಒಂದು ಮಲ್ಟಿಮೀಟರ್ ತಂದೆ. ಈ ಇಡೀ ಕತೆಯಲ್ಲಿ ಅತಿ ಹೆಚ್ಚು ದುಡ್ಡು ಉಳಿಸಿದ್ದು ಅದೇ.

ನೋಡುವ ಕ್ರಮ ಹೀಗೆ. ಎಂಜಿನ್ ಬಿಸಿಯಾಗಿರಲಿ, ಹೆಡ್‌ಲೈಟ್ ಆನ್ ಇರಲಿ. ಆರ್‌ಪಿಎಂ 4,000ಕ್ಕೆ ಏರಿಸಿ ಬ್ಯಾಟರಿಯ ಎರಡು ತುದಿಗೆ ಮೀಟರ್ ಇಡಿ. 13.8ರಿಂದ 14.5 ವೋಲ್ಟ್ ಬಂದರೆ ಚಾರ್ಜಿಂಗ್ ಸರಿ ಇದೆ. ನನಗೆ 12.2 ಬಂತು, ಅದೂ ಇಳಿಯುತ್ತಲೇ ಇತ್ತು. ಅಂದರೆ ತಪ್ಪು ಕಾಯಿಲ್ ಪ್ಲೇಟಿನದು, ಇಲ್ಲ ಆರ್‌ಆರ್ ಯೂನಿಟ್‌ನದು, ಇಲ್ಲ ನಡುವಿನ ವೈರಿನದು. ಕಾಯಿಲ್ ಪ್ಲೇಟ್ ಅಂದರೆ ಸ್ಟೇಟರ್. ಮ್ಯಾಗ್ನೆಟ್ ಅದರ ಸುತ್ತ ತಿರುಗಿದಾಗ ಕರೆಂಟ್ ಹುಟ್ಟುವುದು ಅಲ್ಲೇ. ಆರ್‌ಆರ್ ಯೂನಿಟ್ ಅಂದರೆ ರೆಗ್ಯುಲೇಟರ್ ರೆಕ್ಟಿಫೈಯರ್. ಆ ಎಸಿ ಕರೆಂಟನ್ನು ಡಿಸಿ ಮಾಡಿ, ಬ್ಯಾಟರಿಗೆ ಬೇಕಾದಷ್ಟೇ ವೋಲ್ಟ್ ಬಿಡುವುದು ಅದು.

ಕಾಯಿಲ್ ಪ್ಲೇಟಿನಿಂದ ಬರುವ ಮೂರು ಹಳದಿ ವೈರಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಎರಡೆರಡು ವೈರಿನ ನಡುವೆ ಅಳೆಯಬೇಕು. ಅದೇ 4,000 ಆರ್‌ಪಿಎಂ. ಇಲ್ಲಿ ಎಷ್ಟು ಬಂತು ಅನ್ನುವುದಕ್ಕಿಂತ ಮೂರೂ ಒಂದೇ ಥರ ಬಂತಾ ಅನ್ನುವುದು ಮುಖ್ಯ. ನನಗೆ ಬಂದದ್ದು 54, 30, 31 ವೋಲ್ಟ್. ಒಂದು ಜೋಡಿ ಚೆನ್ನಾಗಿದೆ, ಎರಡು ಬಿದ್ದಿವೆ. ಬಿದ್ದ ಎರಡು ಜೋಡಿಗೂ ಸೇರಿದ ವೈರ್ ಯಾವುದೋ, ಸುಟ್ಟಿರುವುದು ಆ ವೈರಿಗೆ ಸೇರಿದ ತಂತಿಯ ಸುತ್ತು. ಆಮೇಲೆ ಎಂಜಿನ್ ಆಫ್ ಮಾಡಿ ಬೀಪ್ ಪರೀಕ್ಷೆ. ಎರಡು ಜಾಗದ ನಡುವೆ ಕರೆಂಟಿಗೆ ದಾರಿ ಇದ್ದರೆ ಮೀಟರ್ ಬೀಪ್ ಅನ್ನುತ್ತದೆ. ಹಳದಿ ವೈರಿಗೂ ಎಂಜಿನ್ ಬಾಡಿಗೂ ನಡುವೆ ಬೀಪ್ ಬರಬಾರದು. ನನಗೆ ಮೂರು ವೈರಿಗೂ ಬಂತು. ಮೂರೂ ಒಳಗೆ ಒಂದು ಕಡೆ ಕೂಡಿರುವುದರಿಂದ, ಒಂದು ಕಡೆ ಬಾಡಿಗೆ ತಾಗಿದರೂ ಮೂರರಲ್ಲೂ ಬೀಪ್ ಕೇಳುತ್ತದೆ.

ನಿಮ್ಮದು ಯಮಹಾ ಆರ್‌ಎಕ್ಸ್ 100 ಥರದ ಹಳೇ ಗಾಡಿ ಆದರೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಸ್ಪಾರ್ಕಿಗೆ ಬೇರೆ ಕಾಯಿಲ್, ಲೈಟಿಗೆ ಬೇರೆ ಕಾಯಿಲ್. ಬ್ಯಾಟರಿ ಇಲ್ಲದೆಯೂ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ.

ಎಡಗಡೆಯ ಮ್ಯಾಗ್ನೆಟ್ ಕವರ್ ನಾನೇ ಬಿಚ್ಚಿದೆ. ಬೋಲ್ಟ್‌ಗಳು ಬೇರೆ ಬೇರೆ ಉದ್ದ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಟ್ಟೆ. ಕವರ್ ಎಳೆದ ತಕ್ಷಣ ಮೂಗಿಗೆ ಬಂದದ್ದು ಸೀದ ವಾಸನೆ. ಪ್ಲೇಟಿನಲ್ಲಿ ತಂತಿ ಸುತ್ತಿರುವ 18 ಹಲ್ಲು. 13 ಹಲ್ಲಿನ ತಂತಿ ಜೇನಿನ ಬಣ್ಣಕ್ಕಿತ್ತು. ಐದು ಇದ್ದಿಲಿನ ಹಾಗೆ ಕಪ್ಪು. ಉಗುರಿನಲ್ಲಿ ಕೆರೆದರೆ ತಂತಿಯ ಮೇಲಿನ ಎನಾಮೆಲ್ ಲೇಪ ಪುಡಿ ಪುಡಿಯಾಗಿ ಉದುರಿತು. ಹಳೇ ಗ್ಯಾಸ್ಕೆಟ್ ಕೆರೆಯಲು ಬ್ಲೇಡ್ ಹಿಡಿದು ಒಂದು ಗಂಟೆ ಕೂತೆ. ಇಲ್ಲಿ ಅವಸರ ಬೇಡ, ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಆಯಿಲ್ ಜಿನುಗುತ್ತದೆ. ವಾಪಸ್ ಹಾಕುವಾಗ ಮ್ಯಾಗ್ನೆಟ್ ಕವರನ್ನು ಪಟ್ಟನೆ ಎಳೆದುಕೊಳ್ಳುತ್ತದೆ. ಬೆರಳು ಅಂಚಿನಲ್ಲಿ ಇರಬಾರದು.

ಇನ್ನು ಹಾಕಿದ ಮಾಲುಗಳ ವಿಷಯ.

ಮೊದಲು ಹಾಕಿದ್ದು ಜೆ.ಸಿ. ರೋಡಿನಲ್ಲಿ ಸಿಕ್ಕ ಲೋಕಲ್ ಮಾಲು. ಹೆಸರಿಲ್ಲದ ಡಬ್ಬಿ, 1,400 ರೂಪಾಯಿ. ಕೇಳಿದ ದಿನವೇ ಸಿಕ್ಕಿತು, ಅದೊಂದೇ ಅದರ ಗುಣ. ಮೂರೂ ಜೋಡಿ ಸಮ ಇದ್ದವು, ಆದರೆ 43, 44, 43. ತಂತಿಯೇ ಕಡಿಮೆ ಸುತ್ತಿದ್ದಾರೆ. 4,000 ಆರ್‌ಪಿಎಂನಲ್ಲಿ ಬ್ಯಾಟರಿಗೆ 13.4 ವೋಲ್ಟ್, ಐಡ್ಲಿಂಗ್‌ನಲ್ಲಿ 12.5. ಖಾಲಿ ಹೈವೇಯಲ್ಲಿ ಓಡಿಸುವವರಿಗೆ ಇದು ನಡೆದೀತು. ಬೆಂಗಳೂರಿನಲ್ಲಿ ನಾವು ಅರ್ಧ ಹೊತ್ತು ನಿಂತೇ ಇರುತ್ತೇವೆ ಅಲ್ವಾ? ಸಿಗ್ನಲ್‌ನಿಂದ ಸಿಗ್ನಲ್‌ಗೆ ಬ್ಯಾಟರಿ ಸೋರುತ್ತಲೇ ಇತ್ತು. ಅದಕ್ಕಿಂತ ದೊಡ್ಡ ತೊಂದರೆ ಜೊತೆಗೆ ಬಂದ ಪಿಕಪ್ ಕಾಯಿಲ್‌ನದು. ಸ್ಪಾರ್ಕ್ ಯಾವಾಗ ಹೊಡೆಯಬೇಕು ಅಂತ ಸಿಗ್ನಲ್ ಕೊಡುವುದು ಅದು. ಗಾಡಿ ಬಿಸಿಯಾದರೆ ಮಿಸ್ಸಿಂಗ್ (ಸ್ಪಾರ್ಕ್ ತಪ್ಪಿ ಎಂಜಿನ್ ತಡವರಿಸುವುದು) ಶುರು, ತಣ್ಣಗಾದರೆ ಸರಿ. ಏಳು ತಿಂಗಳಿಗೆ ಕಿತ್ತೆ.

ಆಮೇಲೆ ಶಿವಾಜಿನಗರದ ಗುಜರಿ. ಬಿಚ್ಚಿದ ಗಾಡಿಯಿಂದ ತೆಗೆದ ಕಂಪನಿ ಪ್ಲೇಟ್, 600 ರೂಪಾಯಿ. ಮೀಟರ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಅಂಗಡಿಯ ಮುಂದೆಯೇ ಮೂರು ಪ್ಲೇಟ್ ನೋಡಿದೆ. ಒಂದರಲ್ಲಿ ಹಳದಿ ವೈರಿಗೂ ಕಬ್ಬಿಣದ ಕೋರಿಗೂ ಬೀಪ್ ಬಂತು, ಬದಿಗಿಟ್ಟೆ. ಇನ್ನೊಂದರಲ್ಲಿ ಎರಡು ಹಲ್ಲು ಕಪ್ಪಾಗಿದ್ದವು. ಮೂರನೆಯದು ಚೆನ್ನಾಗಿತ್ತು, ಹಾಕಿದ ಮೇಲೆ 51, 52, 51. ಬ್ಯಾಟರಿಗೆ 14.0. ಗಾಡಿ ಮತ್ತೆ ಹಳೆಯ ಗಾಡಿ ಆಯಿತು. ಆದರೆ ಅದರ ವೈರುಗಳಿಗೂ ನನ್ನ ಗಾಡಿಯಷ್ಟೇ ವಯಸ್ಸು. ಹನ್ನೊಂದು ತಿಂಗಳಿಗೆ ರಬ್ಬರ್ ಬುಷ್ ಹತ್ತಿರ ಮೇಲಿನ ಕವಚ ಒಡೆದು ತಂತಿ ಕವರಿಗೆ ತಾಗಿತು. ಕಾಯಿಲ್ ಕೆಟ್ಟಿರಲಿಲ್ಲ, ವೈರ್ ಕೆಟ್ಟಿತ್ತು. ಇದನ್ನು ತರುವವರು ಮೂರು ವೈರನ್ನೂ ಶಾಖ ತಡೆಯುವ ಹೊಸ ವೈರಿಗೆ ಬದಲಾಯಿಸಿಯೇ ಹಾಕಿಸಿ. ಹಾಗೆ ಮಾಡಿದರೆ ಕಡಿಮೆ ದುಡ್ಡಿಗೆ ಇದು ಒಳ್ಳೆಯ ದಾರಿ.

ರಿವೈಂಡಿಂಗ್ ವಿಷಯ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಎರಡು ಸಲ ಮಾಡಿಸಿದೆ. ಎರಡರ ನಡುವೆ ಆಕಾಶ ಭೂಮಿಯ ಅಂತರ.

ಮೊದಲ ಸಲ ಫ್ಯಾನ್, ಮಿಕ್ಸಿ ಮೋಟಾರ್ ಸುತ್ತುವ ಒಂದು ಅಂಗಡಿಗೆ ನನ್ನ ಸುಟ್ಟ ಪ್ಲೇಟ್ ಕೊಟ್ಟೆ. 700 ರೂಪಾಯಿ, ಸಂಜೆಗೆ ರೆಡಿ. ಹಾಕಿದಾಗ 49, 55, 50. ಆಗಲೇ ಅನುಮಾನ ಬಂತು. ಸುತ್ತು ಎಣಿಸಿ ಹಾಕಿದ್ದರೆ ಈ ವ್ಯತ್ಯಾಸ ಬರಬಾರದು. ಐದು ತಿಂಗಳಿಗೆ ಮತ್ತೆ ಕಪ್ಪಾಯಿತು.

ಎರಡನೆಯ ಸಲ ಕಲಾಸಿಪಾಳ್ಯದ ಒಳರಸ್ತೆಯಲ್ಲಿ ಒಬ್ಬ ಹಿರಿಯರು ಸಿಕ್ಕರು. ಗಾಡಿಯ ಕಾಯಿಲ್ ಬಿಟ್ಟರೆ ಬೇರೆ ಕೆಲಸ ಹಿಡಿಯುವುದಿಲ್ಲ. ಪ್ಲೇಟನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಫ್ಯಾನ್ ತಂತಿ ತಮ್ಮಾ. ಎಂಜಿನ್ ಆಯಿಲ್ ಒಳಗೆ ಬೇಯೋ ಜಾಗಕ್ಕೆ ಇದು ಎಷ್ಟು ದಿನ ತಡೀತದೆ?" ಅಂದರು.

"ಯಜಮಾನ್ರೇ, ಹಾಗಾದ್ರೆ ಯಾವ ತಂತಿ ಹಾಕ್ತೀರಿ?"

"ಇನ್ನೂರು ಡಿಗ್ರೀದು. ರೀಲ್ ಮೇಲೆ ಬರ್ದಿರ್ತದೆ, ನೀನೇ ಓದು."

ಓದಿದೆ, 200 ಅಂತಲೇ ಇತ್ತು. ಹಳೆಯದನ್ನು ಬಿಚ್ಚುವಾಗ ಒಂದು ಹಲ್ಲಿನ ಸುತ್ತುಗಳನ್ನು ಬಾಯಲ್ಲೇ ಎಣಿಸಿ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡರು. 18 ಹಲ್ಲಿಗೆ ಮೂರು ಸಾಲು. ಒಂದು ಹಲ್ಲು ಸುತ್ತಿ, ಎರಡು ಬಿಟ್ಟು, ಮತ್ತೊಂದು. ಹೀಗೆ ಒಂದೊಂದು ಸಾಲಿಗೆ ಆರು ಹಲ್ಲು. ತಂತಿಯನ್ನು ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಒಂದರ ಮೇಲೊಂದು ಏರದ ಹಾಗೆ ಪಕ್ಕಪಕ್ಕ ಕೂರಿಸುತ್ತಿದ್ದರು. ಸುತ್ತಿದ ಮೇಲೆ ವಾರ್ನಿಷ್‌ನಲ್ಲಿ ಅದ್ದಿ ಓವನ್‌ನಲ್ಲಿ ಒಣಗಿಸಿದರು. ಮೂರು ದಿನ ಹಿಡಿಯಿತು, 1,500 ರೂಪಾಯಿ. ಗಾಡಿಗೆ ಹಾಕಿದಾಗ 55, 55, 54.

ಕಂಪನಿ ಸ್ಪೇರ್ ಬಗ್ಗೆ ಹೇಳಲು ಹೆಚ್ಚಿಲ್ಲ. ಭಾವನಿಗೆ ಆರ್ಡರ್ ಹಾಕಿ ಇಪ್ಪತ್ತನಾಲ್ಕು ದಿನ ಕಾಯಬೇಕಾಯಿತು. 4,100 ರೂಪಾಯಿ. ತಂದರು, ಹಾಕಿದರು, ಮರೆತರು. 57, 57, 57. ಪಿಕಪ್ ಕಾಯಿಲ್‌ಗೂ ಮ್ಯಾಗ್ನೆಟ್‌ಗೂ ನಡುವಿನ ಗ್ಯಾಪ್ ನೋಡುವ ಕೆಲಸವೂ ಬೀಳಲಿಲ್ಲ. ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್ ಆನ್ ಇದ್ದಾಗ ಅವರ ಬ್ಯಾಟರಿಗೆ 13.2 ವೋಲ್ಟ್, ರಿವೈಂಡ್ ಮಾಡಿಸಿದ ನನ್ನದಕ್ಕೆ 13.1. 4,000ದಲ್ಲಿ ಅವರದು 14.2, ನನ್ನದು 14.1. ಅಷ್ಟೇ ಅಂತರ.

ಆದರೆ ಒಂದು ಮಾತು. ಎರಡನೆಯ ರಿವೈಂಡಿಂಗ್ ಬಾಳಿಕೆ ಬಂದದ್ದು ಬರೀ ತಂತಿಯಿಂದ ಅಂತ ನಾನು ಹೇಳುವುದಿಲ್ಲ. ಆ ಸಲವೇ ಕಪ್ಲರನ್ನೂ ಬದಲಾಯಿಸಿದೆ. ಹಳೆಯದರಲ್ಲಿ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಅದು ಸಡಿಲ ಆದರೆ ಅಲ್ಲೇ ಬಿಸಿ ಹುಟ್ಟುತ್ತದೆ. ಸೀಟಿನ ಕೆಳಗೆ ಗಾಳಿಯಿಲ್ಲದೆ ಕೂತಿದ್ದ ಆರ್‌ಆರ್ ಯೂನಿಟ್ಟನ್ನು ಹೊಸದು ಮಾಡಿ ಗಾಳಿ ಬರುವ ಕಡೆ ಇರಿಸಿದೆ. ಹಿಂದಿನ ಮೂರು ಸಲ ಇವೆರಡನ್ನೂ ಮುಟ್ಟದೆ ಪ್ಲೇಟ್ ಮಾತ್ರ ಬದಲಾಯಿಸುತ್ತಿದ್ದೆ, ಅದು ನನ್ನ ತಪ್ಪು.

ಹೆಡ್‌ಲೈಟ್ ಆಫ್ ಮಾಡಿದರೆ ಕಾಯಿಲ್‌ಗೆ ಆರಾಮ ಅಂತ ಬಹಳ ಜನ ನಂಬಿದ್ದಾರೆ. ನಮ್ಮ ಹಳೆ ಗಾಡಿಗಳ ಶಂಟ್ ಮಾದರಿ ಆರ್‌ಆರ್ ಯೂನಿಟ್‌ನಲ್ಲಿ ಹಾಗಾಗುವುದಿಲ್ಲ. ಬೇಡವಾದ ಕರೆಂಟನ್ನು ಅದು ಶಾರ್ಟ್ ಮಾಡಿ ಕಾಯಿಲ್‌ಗೇ ವಾಪಸ್ ತಿರುಗಿಸುತ್ತದೆ. ಲೈಟ್ ಉರಿಯಲಿ ಬಿಡಲಿ, ಕಾಯಿಲ್ ಬಿಸಿಯಾಗುತ್ತಲೇ ಇರುತ್ತದೆ. ಸೀರೀಸ್ ಮಾದರಿಯ ಯೂನಿಟ್ ಬೇಡದಾಗ ಸಂಪರ್ಕವನ್ನೇ ಕಡಿಯುತ್ತದೆ, ಕಾಯಿಲ್ ತಣ್ಣಗಿರುತ್ತದೆ. ಬೆಲೆ ಜಾಸ್ತಿ, ಆದರೆ ನನ್ನ ಮುಂದಿನ ಖರ್ಚು ಅದೇ.

ಕಂಪನಿ ಮಾಲು ಇನ್ನೂ ಸಿಗುತ್ತಿದ್ದರೆ, ಕೈಯಲ್ಲಿ ದುಡ್ಡಿದ್ದರೆ, ಅದನ್ನೇ ಹಾಕಿಸಿ. ಇಲ್ಲವಾದರೆ ನಾನು ಕಣ್ಣು ಮುಚ್ಚಿ ರಿವೈಂಡಿಂಗ್‌ಗೆ ಹೋಗುತ್ತೇನೆ, ಆದರೆ ತಂತಿಯ ರೀಲ್ ತೋರಿಸುವವರ ಹತ್ತಿರ ಮಾತ್ರ. ಗುಜರಿ ಮೂರನೆಯದು. ಹೆಸರಿಲ್ಲದ ಡಬ್ಬಿಯದನ್ನು ನನ್ನ ಗಾಡಿಗೆ ಮತ್ತೆ ಹಾಕುವುದಿಲ್ಲ. ಇನ್ನೊಂದು, ಪ್ಲೇಟ್ ಬದಲಾಯಿಸಿದ ದಿನ ಹಳೆಯದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಕೇಳಿ ತಗೊಂಡು ಬನ್ನಿ. ಸುಟ್ಟಿರುವುದು ತಂತಿ, ಕಬ್ಬಿಣದ ಕೋರ್ ಹಾಗೇ ಇರುತ್ತದೆ. ನನ್ನ ಗಾಡಿಯೊಳಗೆ ಈಗ ಇರುವುದು 2008ರಲ್ಲಿ ಬಂದ ಅದೇ ಕೋರ್.