ಅಮಿಕಾಸಿನ್ ಇಂಜೆಕ್ಷನ್ ಶುರುವಾಗುವ ಮೊದಲು ಕ್ರಿಯಾಟಿನಿನ್ ವರದಿಯನ್ನು ಕಣ್ಣಾರೆ ನೋಡಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. 22 ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿರುವ ನಾನು, ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಅವ್ವನ ಮೂತ್ರಪಿಂಡ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಗೆಂದು 600 ರೂಪಾಯಿ ಕಟ್ಟಿ, ಅದರ ವರದಿ ಎಲ್ಲಿ ಎಂದು ಹತ್ತು ದಿನ ಒಮ್ಮೆಯೂ ಕೇಳಲಿಲ್ಲ.

ಅವ್ವನಿಗೆ 71 ವರ್ಷ, ಜಗಳೂರು ಕಡೆಯ ಹಳ್ಳಿಯಲ್ಲಿರುತ್ತಾಳೆ, ಸಕ್ಕರೆ ಕಾಯಿಲೆ ಹಳೆಯದು. ಮೂತ್ರದ ಸೋಂಕಿನಿಂದ ಚಳಿಜ್ವರ ಬಂದು ದಾಖಲು ಮಾಡಿದಾಗ, ಅಮಿಕಾಸಿನ್ ಎಂಬ ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತದೆ ಎಂದು ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ವರದಿ ಬಂತು. ಔಷಧದ ಆಯ್ಕೆಯ ಬಗ್ಗೆ ನನ್ನ ತಕರಾರಿಲ್ಲ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಎಲ್ಲವೂ ಅಮೈನೊಗ್ಲೈಕೊಸೈಡ್ ಎಂಬ ಒಂದೇ ಗುಂಪಿನವು, ಜೀವ ಉಳಿಸಿದ ಔಷಧಗಳು. ಆದರೆ ಅವು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಅದು ಸೋತಿದ್ದರೆ ಔಷಧ ರಕ್ತದಲ್ಲೇ ಉಳಿದು ಮೂತ್ರಪಿಂಡವನ್ನೂ ಒಳಗಿವಿಯ ಸೂಕ್ಷ್ಮ ಕೋಶಗಳನ್ನೂ ಕೆಡಿಸುತ್ತದೆ. ಅದಕ್ಕಾಗಿಯೇ ಮೊದಲು ಕ್ರಿಯಾಟಿನಿನ್ ಮತ್ತು ತೂಕ ನೋಡಿ, ಎಷ್ಟು ಹೊತ್ತಿಗೊಮ್ಮೆ ಎಷ್ಟು ಕೊಡಬೇಕೆಂದು ಲೆಕ್ಕ ಹಾಕಿ, ನಡುನಡುವೆ ಮತ್ತೆ ಪರೀಕ್ಷಿಸಬೇಕು. ಇಲ್ಲಿ ಅವ್ವನನ್ನು ತೂಕದ ಯಂತ್ರದ ಮೇಲೂ ನಿಲ್ಲಿಸಲಿಲ್ಲ. ಅವಳ ತೂಕ 46 ಕಿಲೋ. ಮೂತ್ರಪಿಂಡ ಸರಿಯಿದ್ದವರಿಗೂ ಕಿಲೋಗೆ ದಿನಕ್ಕೆ ಸುಮಾರು 15 ಮಿಲಿಗ್ರಾಂ ಎಂಬ ಲೆಕ್ಕವಿರುವಾಗ, ಅವಳಿಗೆ ದಿನಕ್ಕೆ 750 ಮಿಲಿಗ್ರಾಂನಂತೆ ಹತ್ತು ದಿನ ಏರಿಸಿದರು. ಸಾಲದ್ದಕ್ಕೆ ಕಾಲು ಊದಿದೆ ಎಂದು ಮೂತ್ರ ಹೆಚ್ಚಿಸಿ ನೀರು ಇಳಿಸುವ ಫ್ಯೂರೊಸೆಮೈಡ್ ಬೇರೆ. ಅದು ಜೊತೆಗಿದ್ದರೆ ಕಿವಿಗೆ ಅಪಾಯ ಇನ್ನೂ ಹೆಚ್ಚು.

ಏಳನೆಯ ದಿನ ಅವ್ವ, "ಕಿವ್ಯಾಗ ಜೀರುಂಡಿ ಒದರಿದಂಗ ಆಗ್ತೈತಪ್ಪ" ಎಂದಳು. ನರ್ಸ್ "ನಿಶ್ಶಕ್ತಿ ಅಜ್ಜಿ, ಮಲಗ್ರಿ" ಎಂದರು. ನಾನು ಅದಕ್ಕೆ ದನಿಗೂಡಿಸಿ, "ಸುಮ್ನೆ ಮಲಗವ್ವ" ಎಂದೆ. ಅವಳು ಮರುಮಾತಾಡದೆ ಗೋಡೆಯ ಕಡೆ ತಿರುಗಿ ಮಲಗಿದಳು.

ಮನೆಗೆ ಕರೆತಂದ ಮೇಲೆ ಅವಳ ದಿಂಬಿನ ಪಕ್ಕದಲ್ಲೇ ಫೋನು ಹೊಡೆದುಕೊಳ್ಳುತ್ತಿದ್ದರೂ ಅವಳು ಮೊರದಲ್ಲಿನ ಅಕ್ಕಿಯಿಂದ ತಲೆ ಎತ್ತಲಿಲ್ಲ. ಬೇರೆ ಆಸ್ಪತ್ರೆಗೆ ಓಡಿದೆವು. ಕ್ರಿಯಾಟಿನಿನ್ 3.1, ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ಕಿವಿಯ ಪರೀಕ್ಷೆಯಲ್ಲಿ ಕೀಚು ದನಿಗಳೆಲ್ಲ ಹೋಗಿದ್ದವು. ಅಲ್ಲಿನ ವೈದ್ಯರು "ಮೊದಲು ಸೇರಿಸಿದ ದಿನ ಎಷ್ಟಿತ್ತು?" ಎಂದು ಕೇಳಿದಾಗ ನಾನು ಬಲು ಜಂಬದಿಂದ ಫೈಲು ಬಿಚ್ಚಿದೆ. ಬಿಲ್ಲು ಇತ್ತು, ರಸೀದಿ ಇತ್ತು, ವರದಿ ಇರಲಿಲ್ಲ. ಹಾಳೆಗಳನ್ನು ಮೂರು ಸಲ ತಿರುವಿದೆ. ಪರೀಕ್ಷೆಯೇ ನಡೆದಿರಲಿಲ್ಲ. ದುಡ್ಡು ತೆಗೆದುಕೊಂಡಿದ್ದಾರೆ, ಪರೀಕ್ಷೆ ಮಾಡಿಯೇ ಇಲ್ಲ.

ವಾಪಸು ಹೋಗಿ ಕೇಳಿದರೆ ಕೌಂಟರಿನವನು "ಫೈಲ್‌ನಲ್ಲೇ ಇರಬೇಕಲ್ಲ ಸರ್" ಎಂದ. ಲ್ಯಾಬಿನವನು "ರಕ್ತ ಹೆಪ್ಪುಗಟ್ಟಿತ್ತು ಸರ್, ಮಷಿನ್ ತಗೊಳ್ಳಲಿಲ್ಲ" ಎಂದ. ಸಾಮಾನ್ಯವಾಗಿ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಬೇರ್ಪಡುವ ಸೀರಮ್‌ನಲ್ಲೇ ಈ ಪರೀಕ್ಷೆ ಮಾಡುತ್ತಾರೆ. ವಿಜ್ಞಾನದ ಮೇಷ್ಟರಿಗೆ ಹೇಳುವ ಸುಳ್ಳನ್ನಾದರೂ ಸ್ವಲ್ಪ ಯೋಚಿಸಿ ಹೇಳಬಾರದೇ! ಕೊನೆಗೆ ವೈದ್ಯರು, "ಮೇಷ್ಟ್ರೇ, 71 ವರ್ಷಕ್ಕೆ ಕಿವಿ ಮಂದ ಆಗದೆ ಇನ್ನೇನಾಗುತ್ತೆ? ಜೀವ ಉಳೀತಲ್ಲ" ಎಂದರು. "ಹತ್ತೇ ದಿನಕ್ಕೆ ಅಷ್ಟೊಂದು ವಯಸ್ಸಾಯಿತೇ ಸಾರ್?" ಎಂದು ಕೇಳಿದ್ದಕ್ಕೆ ಮೊಬೈಲು ನೋಡುತ್ತಾ ಕುಳಿತರು.

ಆರು ವಾರಗಳಲ್ಲಿ ಕ್ರಿಯಾಟಿನಿನ್ 1.5ಕ್ಕೆ ಇಳಿಯಿತು. ಕಿವಿ ಮರಳಲಿಲ್ಲ, ಮರಳುವುದೂ ಇಲ್ಲ; ಮನುಷ್ಯರಲ್ಲಿ ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಆದ್ದರಿಂದ ಬಿಲ್ಲನ್ನು ನಂಬಬೇಡಿ, ವರದಿ ಕೇಳಿ. ಕಿವಿಯಲ್ಲಿ ಸದ್ದು, ತಲೆಸುತ್ತು ಎಂದು ರೋಗಿ ಹೇಳಿದರೆ ಮುಂದಿನ ಇಂಜೆಕ್ಷನ್‌ಗೆ ಮೊದಲೇ ವೈದ್ಯರನ್ನು ಕರೆಸಿ, ನನ್ನಂತೆ ಬಾಯಿ ಮುಚ್ಚಿಸಬೇಡಿ. ತಾಯಿಯ ಕಡೆಯಲ್ಲಿ ಯಾರಿಗಾದರೂ ಇಂತಹ ಇಂಜೆಕ್ಷನ್‌ನಿಂದ ಕಿವಿ ಹೋಗಿದ್ದರೆ ಮೊದಲೇ ತಿಳಿಸಿ, ಆ ದೋಷ ತಾಯಿಯಿಂದ ಮಕ್ಕಳಿಗೆ ಬರಬಲ್ಲದು. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವೂ ಇದೆ, ಬರಹದಲ್ಲೇ ಕೇಳಿ.

ನಾನು ಬರಹದಲ್ಲಿ ಕೇಳಿದ ಮರುದಿನವೇ ಫೋನು ಬಂತು. 600 ರೂಪಾಯಿ ಹಿಂದಿರುಗಿಸುತ್ತಾರಂತೆ. ಹೋದರೆ, ನೋಟುಗಳ ಜೊತೆಗೆ ಒಂದು ಹಾಳೆಯನ್ನೂ ಮುಂದೆ ಸರಿಸಿದರು: ಚಿಕಿತ್ಸೆಯ ಬಗ್ಗೆ ನಮ್ಮ ಯಾವುದೇ ದೂರು ಇರುವುದಿಲ್ಲ. ಹಾಳೆಯನ್ನೂ ನೋಟನ್ನೂ ಅಲ್ಲಿಯೇ ಬಿಟ್ಟು ಬಂದಿದ್ದೇನೆ.