ಒಂದೇ ಚೀಟಿಯಲ್ಲಿ ಎರಡು ಕಾಯಿಲೆ: ತಮ್ಮನ ಜೊತೆ ಅಲೆದ ಮೂರು ಒಪಿಡಿ

ನನ್ನ ತಮ್ಮ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಬೆಳಿಗ್ಗೆ ಒಂದು ನೈಂಟಿ ಟೆಟ್ರಾ ಪ್ಯಾಕ್ ಇಳಿಸದಿದ್ದರೆ ಪೆನ್ನು ಹಿಡಿಯಲಾಗದಷ್ಟು ಅವನ ಕೈ ನಡುಗುತ್ತಿದ್ದ ಕಾಲವಿತ್ತು. ಅದರ ಜೊತೆಗೆ ಇನ್ನೊಂದು ತೊಂದರೆ. ವರ್ಷಕ್ಕೊಮ್ಮೆ ಎರಡು-ಮೂರು ವಾರ ಅವನಿಗೆ ನಿದ್ದೆಯೇ ಬೇಡ. ಸಾಲ ಮಾಡಿ ಕಂಡವರಿಗೆಲ್ಲ ಕೊಡುವುದು, ರಾತ್ರಿ ಎರಡು ಗಂಟೆಗೆ ಬೋರ್‌ವೆಲ್‌ನವರಿಗೆ ಫೋನ್ ಮಾಡುವುದು. ಅದು ಇಳಿದ ಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಊರಿನವರು ಎಲ್ಲವನ್ನೂ ಸೇರಿಸಿ 'ಕುಡುಕ' ಎಂದು ಒಂದೇ ಹೆಸರಿಟ್ಟಿದ್ದರು. ನಾವೂ ಹಾಗೇ ತಿಳಿದಿದ್ದೆವು. ಅವನನ್ನು ಕೇಳಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅಡ್ಮಿಟ್ ಆಗಲು ಅವನು ಸುತರಾಂ ಒಪ್ಪಲಿಲ್ಲ. ಹಾಗಾಗಿ ನಾವು ನೋಡಿದ್ದೆಲ್ಲ ಒಪಿಡಿ, ಅಂದರೆ ಹೋಗಿ ಬಂದು ಮಾಡುವ ಚಿಕಿತ್ಸೆಯೇ.

ಮೊದಲು ಹೋಗಿದ್ದು ಒಂದು ಖಾಸಗಿ ಡಿ-ಅಡಿಕ್ಷನ್ ಕ್ಲಿನಿಕ್‌ಗೆ. ಹತ್ತಿರ, ಕಾಯುವ ಗೋಜಿಲ್ಲ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಬರೆದುಕೊಟ್ಟಿದ್ದು ಡೈಸಲ್ಫಿರಾಂ. ದೇಹದಲ್ಲಿ ಮದ್ಯ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ಈ ಮಾತ್ರೆ ಕಟ್ಟಿಹಾಕುತ್ತದೆ. ಮಾತ್ರೆ ನುಂಗಿ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಆ ಭಯಕ್ಕೇ ಕುಡಿಯದಿರಲಿ ಎನ್ನುವುದು ಲೆಕ್ಕ. ಬಿಡಲೇಬೇಕೆಂದು ತಾನೇ ಗಟ್ಟಿ ಮಾಡಿಕೊಂಡವನಿಗೆ, ಮನೆಯವರ ಕಣ್ಣೆದುರು ಮಾತ್ರೆ ನುಂಗುವವನಿಗೆ ಅದು ಒಳ್ಳೆಯ ಔಷಧಿಯೇ. ಆದರೆ ಆ ನಿದ್ದೆಯಿಲ್ಲದ ವಾರಗಳಲ್ಲಿ, ನನ್ನ ತಮ್ಮನ ತಲೆ ಮೇಲಕ್ಕೆ ಹತ್ತಿದ್ದಾಗ, ಅವನಿಗೆ ಯಾವ ಭಯವೂ ಇರುತ್ತಿರಲಿಲ್ಲ. ಮಾತ್ರೆಯ ಮೇಲೆಯೇ ಕುಡಿದ. ಆ ರಾತ್ರಿ ಅವನನ್ನು ಆಟೋದಲ್ಲಿ ಎತ್ತಿಕೊಂಡು ಹೋದದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅದಾದ ಮೇಲೂ ಅಲ್ಲಿನ ಕಾಂಪೌಂಡರ್, "ಅವರಿಗೆ ಹೇಳ್ಬೇಡಿ ಅಮ್ಮ, ಪುಡಿ ಮಾಡಿ ಸಾರಿಗೆ ಹಾಕ್ಬಿಡಿ" ಅಂದರು. ಇದನ್ನು ಓದುತ್ತಿರುವವರಲ್ಲಿ ಹಾಗೆ ಮಾಡುತ್ತಿರುವವರಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ. ಗೊತ್ತಿಲ್ಲದೆ ಕುಡಿದರೆ ಜೀವಕ್ಕೇ ಅಪಾಯ. ಮಾತ್ರೆ ನಿಲ್ಲಿಸಿದ ಮೇಲೂ ಅದರ ಪರಿಣಾಮ ಎರಡು ವಾರದವರೆಗೆ ಉಳಿಯಬಹುದು. 'ನಿದ್ದೆ ಹೇಗಿದೆ' ಎಂಬ ಒಂದು ಪ್ರಶ್ನೆಯನ್ನೂ ಅಲ್ಲಿ ಯಾರೂ ಕೇಳಲಿಲ್ಲ.

ಎರಡನೆಯದು ಮನೋವೈದ್ಯರ ಕ್ಲಿನಿಕ್. ಬಾಗಿಲಲ್ಲೇ 'ಕುಡಿದು ಬಂದವರನ್ನು ನೋಡುವುದಿಲ್ಲ' ಎಂಬ ಬೋರ್ಡ್. ಅದನ್ನು ಓದಿದ ತಮ್ಮ, "ಅಕ್ಕ, ಕುಡಿಯೋ ವಿಷಯ ಎತ್ತಬೇಡ" ಅಂದ. ನಾನೂ ಎತ್ತಲಿಲ್ಲ. ಅದು ನನ್ನ ತಪ್ಪು. ಅವನು ಹಾಸಿಗೆ ಹಿಡಿದಿದ್ದ ದಿನಗಳವು, ನೋಡಿದವರಿಗೆ ಖಿನ್ನತೆ ಎಂದೇ ಅನಿಸುವಂತಿದ್ದ. ಖಿನ್ನತೆಯ ಮಾತ್ರೆ ಒಂದು, ನಿದ್ದೆಯ ಮಾತ್ರೆ ಒಂದು ಬಂದವು. ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ ಒಮ್ಮೆ ಖಿನ್ನತೆಗೆ ಇಳಿಯುವ ಕಾಯಿಲೆ, ಇರುವವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವೊಮ್ಮೆ ಮನಸ್ಸು ಉನ್ಮಾದಕ್ಕೆ ಜಿಗಿಯುತ್ತದೆ, ಮದ್ಯದ ಜೊತೆ ನಿದ್ದೆ ಮಾತ್ರೆ ಸೇರಿದರೆ ಉಸಿರಾಟವೇ ಕುಗ್ಗಬಹುದು ಎನ್ನುವುದೆಲ್ಲ ನನಗೆ ತಿಳಿದದ್ದು ಆಮೇಲೆ. ಐದು ವಾರಕ್ಕೆ ಅವನು ಮತ್ತೆ ನಿದ್ದೆಗೆಟ್ಟು ಓಡಾಡತೊಡಗಿದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿವೆ. ಅಂಥ ಬೋರ್ಡ್ ಕಂಡಾಗಲೆಲ್ಲ ನನಗೆ ಇದು ನೆನಪಾಗಿ ಹೊಟ್ಟೆ ಉರಿಯುತ್ತದೆ.

ಮೂರನೆಯದು ಬೆಂಗಳೂರಿನ ಒಂದು ಬೋಧನಾ ಆಸ್ಪತ್ರೆಯ ಒಪಿಡಿ. ಕುಡಿತವನ್ನೂ ಮನಸ್ಸನ್ನೂ ಅಲ್ಲಿ ಒಂದೇ ತಂಡ ನೋಡುತ್ತದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಉತ್ತರ ಕರ್ನಾಟಕದವರು ಧಾರವಾಡದ ಡಿಮ್ಹಾನ್ಸ್‌ನಲ್ಲಿ ಕೇಳಬಹುದು. ನಾವು ಹೋದಲ್ಲಿ ಬೆಳಿಗ್ಗೆ ಚೀಟಿ ಮಾಡಿಸಿದರೆ ಒಳಗೆ ಕರೆಯುವಾಗ ಮಧ್ಯಾಹ್ನ ದಾಟಿತ್ತು. ಆದರೆ ಒಳಗೆ ಮುಕ್ಕಾಲು ಗಂಟೆ ಕೂರಿಸಿಕೊಂಡರು. ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಗೆರೆ ಎಳೆದು ಅವನ ಬದುಕನ್ನು ವರ್ಷ ವರ್ಷವಾಗಿ ಕೇಳುತ್ತಾ ಹೋದರು. ಕುಡಿತ ಶುರುವಾಗಿದ್ದು ಯಾವಾಗ? ನಿದ್ದೆ ಕೆಟ್ಟಿದ್ದು? ಕುಡಿಯದೆ ಇದ್ದ ತಿಂಗಳುಗಳಲ್ಲಿ ಮನಸ್ಸು ಹೇಗಿತ್ತು? ಈ ಕೊನೆಯ ಪ್ರಶ್ನೆಯಲ್ಲೇ ಎಲ್ಲ ಇತ್ತು. ಕುಡಿತದಿಂದಲೇ ಹುಟ್ಟಿದ ಬೇಸರ ಸಾಮಾನ್ಯವಾಗಿ ಬಿಟ್ಟ ಕೆಲವು ವಾರಗಳಲ್ಲಿ ಇಳಿಯುತ್ತದಂತೆ. ಅಯ್ಯಪ್ಪ ಮಾಲೆ ಹಾಕಿ 48 ದಿನ ಒಂದು ತೊಟ್ಟೂ ಮುಟ್ಟದಿದ್ದ ವರ್ಷ, ಅದೇ ವ್ರತದ ಕೊನೆಯಲ್ಲಿ, ಅವನ ತಲೆ ಮೇಲಕ್ಕೆ ಹತ್ತಿತ್ತು. ಅದನ್ನು ನಾವು ಭಕ್ತಿ ಎಂದುಕೊಂಡಿದ್ದೆವು. ಕುಡಿತದ ಜೊತೆಗೆ ಅವನಿಗೆ ಬೈಪೋಲಾರ್ ಕೂಡ ಇದೆ ಎಂದು ಗೊತ್ತಾಗಿದ್ದು ಅಲ್ಲೇ.

ಔಷಧಿ ಆರಿಸಿದ ರೀತಿಯೇ ಬೇರೆ. ರಕ್ತ ಪರೀಕ್ಷೆಯಲ್ಲಿ ಲಿವರ್ ಕೆಟ್ಟಿರುವುದು ಕಂಡಿತು, ಕಿಡ್ನಿ ಚೆನ್ನಾಗಿತ್ತು. ಹಾಗಾಗಿ ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಬಿಟ್ಟು, ಅದೇ ಉದ್ದೇಶಕ್ಕೆ ಕಿಡ್ನಿಯ ಮೂಲಕ ಹೊರಹೋಗುವ ಅಕಾಂಪ್ರೊಸೇಟ್ ಕೊಟ್ಟರು. ಬೈಪೋಲಾರ್‌ಗೆ ಲೀಥಿಯಂ, ಅದೂ ಲಿವರ್‌ಗೆ ಭಾರವಲ್ಲ. ಲೀಥಿಯಂ ರಕ್ತದಲ್ಲಿ ಎಷ್ಟಿದೆ ಎಂದು ಆಗಾಗ ನೋಡಲೇಬೇಕು, ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ವಾಂತಿ-ಭೇದಿಯಾಗಿ ನೀರು ಆರಿದರೆ ಅದರ ಮಟ್ಟ ಏರುತ್ತದೆ. ಇದನ್ನೆಲ್ಲ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟರು.

ಕುಡಿತ ನಿಲ್ಲಿಸುವ ಮೊದಲು, ಹಿಂದೆ ಫಿಟ್ಸ್ ಬಂದಿತ್ತಾ, ಭ್ರಮೆಯಾಗಿತ್ತಾ ಎಂದು ಕೆದಕಿ ಕೇಳಿದರು. ಬಂದಿದ್ದರೆ ಅಡ್ಮಿಷನ್ನೇ ಗತಿ, ಮನೆಯಲ್ಲಿ ಬಿಡಿಸಕೂಡದು. ನಿಲ್ಲಿಸಿದ ಮೊದಲ ಎರಡು-ಮೂರು ದಿನವೇ ಹೆಚ್ಚು ಅಪಾಯ. ನಾವು ಚಿಕ್ಕಮ್ಮನ ಮನೆಯಲ್ಲಿ ಎಂಟು ದಿನ ಉಳಿದೆವು. ದಿನ ಬಿಟ್ಟು ದಿನ ತೋರಿಸಿದೆವು. ಕುಡಿತ ಬಿಟ್ಟಾಗಿನ ತೊಂದರೆಗೆ ಕೊಟ್ಟ, ದಿನ ಕಳೆದಂತೆ ಇಳಿಸುತ್ತಾ ಹೋಗುವ ಮಾತ್ರೆಗಳ ಸ್ಟ್ರಿಪ್ ನನ್ನ ಸೆರಗಿನಲ್ಲೇ ಇರುತ್ತಿತ್ತು, ಜೊತೆಗೆ ಬಿ1 ವಿಟಮಿನ್. ಮೂರನೇ ರಾತ್ರಿ ಅವನು ಬೆವರಿ ಒದ್ದೆಯಾಗಿ, "ಅಕ್ಕ, ಕೈ ಹಿಡ್ಕೊಂಡೇ ಇರು" ಅಂದ.

ಕೆಲಸ ಮಾಡಿದ್ದು ಈ ಮೂರನೆಯದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ತಿಂಗಳಿಗೊಮ್ಮೆ ರೈಲು ಹತ್ತಿ ಒಂದು ದಿನದ ದುಡಿಮೆ ಬಿಡುವುದು ಎಲ್ಲರಿಂದಲೂ ಆಗದು. ಸ್ಥಿರವಾದ ಮೇಲೆ ಡಾಕ್ಟರಮ್ಮನೇ ನಮ್ಮ ತಾಲ್ಲೂಕು ಆಸ್ಪತ್ರೆಗೆ ಪತ್ರ ಕೊಟ್ಟರು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಅಲ್ಲಿಗೆ ಮನೋವೈದ್ಯರು ಬರುತ್ತಾರೆ. ಸಿಗುವುದು ಐದು ನಿಮಿಷ. ಹೊಸ ಕಾಯಿಲೆ ಹುಡುಕಲು ಅದು ಸಾಲದು, ಗೊತ್ತಿರುವ ಕಾಯಿಲೆಗೆ ಮಾತ್ರೆ ಮುಂದುವರಿಸಲು ಸಾಕು.

ಭಾನುವಾರ ಸಂಜೆ ಅವನು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗುತ್ತಾನೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆ ಕೂಟಕ್ಕೆ ಸೇರಲು ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಆಸೆಯಿದ್ದರೆ ಸಾಕು. ನಾಲ್ಕು ತಿಂಗಳಾದ ಮೇಲೆ ಒಮ್ಮೆ, "ಹುಷಾರಾದೆ, ಲೀಥಿಯಂ ಯಾಕೆ?" ಎಂದು ಅಲ್ಲೇ ಕೇಳಿದನಂತೆ. "ಇಲ್ಲಿ ಯಾರೂ ಡಾಕ್ಟರ್ ಅಲ್ಲಪ್ಪ, ಅವರನ್ನೇ ಕೇಳು" ಎಂದರಂತೆ ಅಲ್ಲಿನ ಹಿರಿಯರು. ನಾನು ಸಾವಿರ ಸಲ ಹೇಳಿದ್ದರೂ ಹತ್ತದ ಮಾತು ಅವರ ಬಾಯಿಂದ ಹತ್ತಿತು.

ನಡುರಾತ್ರಿ ದಿಕ್ಕು ತೋಚದಾಗ ನಾನು ಎರಡು ಸಲ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, ಕರೆ ಮಾಡಿದ್ದೇನೆ. ಕನ್ನಡದಲ್ಲೇ ಮಾತಾಡಿದರು. ಇನ್ನು, ಮಂಗಳವಾರ ಡಾಕ್ಟರು ರಜೆಯಾದರೆ ಮಾತ್ರೆ ತಪ್ಪುತ್ತದೆ. ಒಮ್ಮೆ ಹಾಗಾಗಿದೆ. ಈಗ ಹದಿನೈದು ದಿನದ ಮಾತ್ರೆ ಮುಂದಾಗಿಯೇ ಬರೆಸಿಕೊಂಡು ಬೀರುವಿನಲ್ಲಿ ಇಟ್ಟಿದ್ದೇನೆ, ಕೀಲಿ ನನ್ನ ಹತ್ತಿರ.